ಕೂತು ನೋಡುವವನು

ಕೂರಣ್ಣನ ಕೆಲಸ ಕೂರುವುದು. ಕಾರ್ಖಾನೆಯಲ್ಲಿ ತಯಾರಾದ ಪ್ರತಿ ಕುರ್ಚಿಯ ಮೇಲೂ ಧೊಪ್ಪನೆ ಕೂತು, ಅದು ಕಿರುಗುಟ್ಟದಿದ್ದರೆ ಹಸಿರು ಚೀಟಿ ಅಂಟಿಸುವುದು. ಗುಣಮಟ್ಟದ ಕೈಪಿಡಿಯಲ್ಲಿ ಹಾಗೆಂದೇ ಬರೆದಿತ್ತು: ಎಪ್ಪತ್ತು ಕಿಲೋ ತೂಕದ ಪರೀಕ್ಷಕ ಕೂತು ನೋಡತಕ್ಕದ್ದು. ಅವನನ್ನು ತೂಗಿಯೇ ಬರೆದದ್ದು. ಆದರೆ ಹೋದ ತಿಂಗಳ ಟೈಫಾಯ್ಡ್ ಅವನನ್ನು ಹಿಂಡಿ ಹಿಪ್ಪೆ ಮಾಡಿತ್ತು.

ಇವತ್ತು ನೋಡಿದರೆ ಆಡಿಟ್. ಕಾರ್ಖಾನೆಗೆ ಗುಣಮಟ್ಟದ ಸರ್ಟಿಫಿಕೇಟು ಸಿಕ್ಕರೆ ಅವನ ಕೆಲಸ ಕಾಯಂ ಎಂದು ಮ್ಯಾನೇಜರ್ ಮಾತು ಕೊಟ್ಟಿದ್ದರು. ಕಾಯಂ ಆಗದೆ ಮಗಳನ್ನು ಕಳಿಸುವುದಿಲ್ಲ ಎಂದು ಮಾವ ಹಟ ಹಿಡಿದಿದ್ದರು. ಹೆಂಡತಿ ತವರಿಗೆ ಹೋಗಿ ವರ್ಷವೇ ಆಗಿತ್ತು. ಒಬ್ಬನೇ ಗಂಜಿ ಕುಡಿಯುವಾಗ ಕೂರಣ್ಣನಿಗೆ ಅಳು ಬರುತ್ತಿತ್ತು.

ಆಡಿಟರ್ ಬಂದವರೇ ಕೈಪಿಡಿಯ ಆ ಸಾಲಿನ ಮೇಲೆ ಬೆರಳಿಟ್ಟರು. "ಅಳೆಯೋ ಸಾಧನ ಸರಿಯಾಗಿದ್ಯಾ ಅಂತ ಮೊದ್ಲು ಅದನ್ನೇ ಅಳೀಬೇಕು. ಇವರನ್ನ ಕೊನೇ ಸಲ ತೂಗಿದ್ದು ಯಾವಾಗ?"

ಮ್ಯಾನೇಜರ್ ಕೂರಣ್ಣನ ಮುಖ ನೋಡಿದರು. ಕೂರಣ್ಣ ನೆಲ ನೋಡಿದ.

"ಊಟ ಆದ್ಮೇಲೆ ತೂಗಿ ತೋರಿಸ್ತೀವಿ ಸರ್," ಎಂದರು ಮ್ಯಾನೇಜರ್.

ಗೋದಾಮಿನ ತಕ್ಕಡಿ ಹತ್ತಿದರೆ ಅರವತ್ತೆರಡು! ಸುದ್ದಿ ತಿಳಿದು ಕ್ಯಾಂಟೀನಿನ ಅಕ್ಕ ಸೌಟು ಹಿಡಿದೇ ಓಡಿ ಬಂದಳು.

"ಬಾಯಿ ತೆಗಿ ತಮ್ಮಾ. ಅನ್ನ ಹೊಟ್ಟೆಗೆ ಹೋದ್ರೆ ತೂಕ ತಾನಾಗಿ ಬರುತ್ತೆ."

"ಸಾಕಕ್ಕಾ, ಗಂಟಲಿಗೆ ಬಂತು!"

"ಹೆಂಡ್ತಿ ಬೇಕೋ ಬೇಡ್ವೋ?"

ಅವನು ನುಂಗಿದ. ಮೇಲೆ ಒಂದು ಕೊಡ ನೀರು. ಇಷ್ಟಾದರೂ ಮುಳ್ಳು ಎಪ್ಪತ್ತು ಮುಟ್ಟಲಿಲ್ಲ. ಉಳಿದದ್ದನ್ನು ಸ್ಟೋರ್‌ಕೀಪರ್ ಹೊಂದಿಸಿದ. ಜೇಬಿಗೆ, ಕಾಲುಚೀಲಕ್ಕೆ, ಸೊಂಟದ ಸುತ್ತ ನಟ್ಟು ಬೋಲ್ಟು ತುಂಬಿದ. ಕೂರಣ್ಣ ಹೆಜ್ಜೆ ಇಟ್ಟರೆ ಪಾತ್ರೆ ಗಾಡಿ ಬಂದಂತೆ ಸದ್ದು.

"ಏನ್ರೀ ಅದು ಶಬ್ದ?" ಆಡಿಟರ್ ತಿರುಗಿದರು.

"ಮೊಣಕಾಲು ಸರ್. ಜ್ವರ ಬಂದಾಗಿನಿಂದ ಹೀಗೇ."

ಮುಳ್ಳು ಎಪ್ಪತ್ತರ ಮೇಲೆ ನಿಂತಿತು. ಕೂರಣ್ಣ ಕೂತ, ಕುರ್ಚಿ ತಡೆದುಕೊಂಡಿತು. ಆದರೂ ಆಡಿಟರ್ ಪೆನ್ನು ಮೇಲೆತ್ತಿದರು.

"ಒಂದೇ ಅನುಮಾನ. ಇವರು ನೌಕರರಾದ್ರೆ ತೂಕ ದಿನಾ ಏರಿಳಿಯುತ್ತೆ, ನಂಬೋಕಾಗಲ್ಲ, ಸರ್ಟಿಫಿಕೇಟು ಇಲ್ಲ. ಸಾಧನ ಆದ್ರೆ ಅಡ್ಡಿಯಿಲ್ಲ. ಏನಿವರು?"

"ಸಾಧನ ಸರ್," ಎಂದರು ಮ್ಯಾನೇಜರ್, ಕಣ್ಣು ಮಿಟುಕಿಸದೆ.

ಆಡಿಟರ್ ಖುಷಿಯಾಗಿ ಕೂರಣ್ಣನ ಅಂಗಿಯ ಮೇಲೆ ಹಳದಿ ಚೀಟಿ ಅಂಟಿಸಿದರು. "ಸಾಧನ ಸಂಖ್ಯೆ ಹದಿನೇಳು. ಇದನ್ನ ಕಿತ್ತರೆ ಸರ್ಟಿಫಿಕೇಟು ರದ್ದು."

ಎಲ್ಲರೂ ಚಪ್ಪಾಳೆ ತಟ್ಟಿದರು. ಕೂರಣ್ಣನೂ ತಟ್ಟಿದ, ಪಾಪ. ಆಮೇಲೆ ಹಲ್ಲು ಕಿರಿಯುತ್ತಾ ಮ್ಯಾನೇಜರ್ ಮುಂದೆ ನಿಂತ. "ಸರ್, ನನ್ನ ಕಾಯಂ ಆರ್ಡರು?"

"ಹೇಗಪ್ಪಾ ಕೊಡ್ಲಿ? ಸಾಧನ ಅಂತ ಬರೆದು ಸಹಿ ಹಾಕಿದ್ದೀನಿ. ತಕ್ಕಡಿನ ಯಾರಾದ್ರೂ ಕಾಯಂ ಮಾಡ್ತಾರಾ? ನೌಕರರ ಪಟ್ಟಿಯಿಂದ ನಿನ್ನ ಹೆಸರನ್ನೇ ತೆಗೀಬೇಕಾಯ್ತು." ಅಷ್ಟು ಹೇಳಿ, ಆಡಿಟರನ್ನು ಬೀಳ್ಕೊಡಲು ಅವರ ಜೊತೆ ಕಾರು ಹತ್ತಿ ಹೋಗಿಯೇಬಿಟ್ಟರು.

ಕೂರಣ್ಣನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೋಲ್ಟುಗಳನ್ನು ಸ್ಟೋರಿಗೆ ಹಿಂದಿರುಗಿಸಿ, ಕಾಲೆಳೆದುಕೊಂಡು ಗೇಟಿಗೆ ಬಂದ. ವಾಚ್‌ಮನ್ ಅವನ ಎದೆಯ ಮೇಲಿನ ಚೀಟಿ ಓದಿ ಕೋಲು ಅಡ್ಡ ಹಿಡಿದ.

"ಕಾರ್ಖಾನೆ ಸಾಧನ ಹೊರಗೆ ಹೋಗ್ಬೇಕಾದ್ರೆ ಗೇಟ್ ಪಾಸ್ ಬೇಕು. ಮ್ಯಾನೇಜರ್ ಸಹಿ ಇರೋದು."

"ಅಯ್ಯೋ, ನಾನು ಕಣೋ! ದಿನಾ ನೋಡ್ತೀಯಲ್ಲೋ!"

"ನೀನೇ ಅಂತ ಗೊತ್ತಣ್ಣಾ. ಇವತ್ತು ಆಡಿಟ್ಟು, ನಿಯಮ ಅಂದ್ರೆ ನಿಯಮ. ಸಾಹೇಬರು ಸೋಮವಾರ ಬರ್ತಾರೆ."

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಮಾವ. "ಏನಳಿಯಂದ್ರೇ, ಕಾಯಂ ಆಯ್ತಾ?"

ಕೂರಣ್ಣ ಮುಚ್ಚಿದ ಗೇಟು ನೋಡಿದ. ಕಣ್ಣಲ್ಲಿ ನೀರು ತುಂಬಿತ್ತು.

"ಆದ ಹಾಗೇ ಮಾವ. ಇನ್ನು ಇಲ್ಲಿಂದ ನನ್ನ ಹೊರಗೇ ಬಿಡಲ್ವಂತೆ."