ಟಾರ್ಚು ಹಿಡಿದವಳ ಬಾಯಿ

ಇನ್ನೊಬ್ಬರ ಚಟ ಬಿಡಿಸುವ ಕೆಲಸದಲ್ಲಿ ಒಂದು ಸುಖವಿದೆ. ಅದನ್ನು ಅನುಭವಿಸಿದವರು ಯಾರೂ ಸುಖವೆಂದು ಒಪ್ಪಿಕೊಳ್ಳುವುದಿಲ್ಲ. ತ್ಯಾಗ, ತಾಳ್ಮೆ, ಸಂಸಾರದ ಜವಾಬ್ದಾರಿ ಎಂದೆಲ್ಲ ಹೆಸರಿಡುತ್ತಾರೆ. ನಾನೂ ಇಟ್ಟಿದ್ದೆ. ನಮ್ಮವರು ಗುಟ್ಕಾ ಬಿಟ್ಟ ಮೇಲೆ ದಿನಾ ಸಂಜೆ ಅವರು ಬಾಗಿಲಲ್ಲಿ ಚಪ್ಪಲಿ ಕಳಚುವ ಹೊತ್ತಿಗೆ ನಾನು ಟಾರ್ಚು ಹಿಡಿದು ನಿಂತಿರುತ್ತಿದ್ದೆ. ಆ ವರ್ಷಗಳಲ್ಲಿ ಡೊಂಬಿವಲಿಯ ಕಡೆ ಕರೆಂಟು ಹೇಳದೆ ಕೇಳದೆ ಹೋಗುತ್ತಿದ್ದುದರಿಂದ ಟಾರ್ಚು ಬಾಗಿಲ ಪಕ್ಕದ ಮೊಳೆಯಲ್ಲೇ ನೇತಾಡುತ್ತಿತ್ತು. "ಬಾಯಿ ತೆರೆಯಿರಿ" ಎನ್ನುತ್ತಿದ್ದೆ. ಮಹಾಪೆಯ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಎಲ್ಲರಿಂದ 'ಸಾಬ್' ಎಂದು ಕರೆಸಿಕೊಳ್ಳುವ ಮನುಷ್ಯ, ಪಾಪ, ಶಾಲೆಯ ಹುಡುಗನಂತೆ ಬಾಯಿ ತೆರೆಯುತ್ತಿದ್ದರು. ಪೂರ್ತಿ ತೆರೆಯಲು ಅವರಿಂದ ಆಗುತ್ತಲೂ ಇರಲಿಲ್ಲ. ವರ್ಷಗಟ್ಟಲೆ ಗುಟ್ಕಾ ಜಗಿದು ದವಡೆ ಬಿಗಿದುಹೋಗಿತ್ತು. ಇಡ್ಲಿಯನ್ನು ಕೂಡ ಚೂರು ಮಾಡಿ ಒಳಗೆ ತಳ್ಳಬೇಕಾಗಿತ್ತು. ಹಲ್ಲಿನ ಡಾಕ್ಟರು, "ಇನ್ನು ಒಂದೇ ಒಂದು ಪೊಟ್ಟಣ ಹರಿದರೂ ನನ್ನ ಹತ್ತಿರ ಬರಬೇಡಿ, ಸೀದಾ ದೊಡ್ಡ ಆಸ್ಪತ್ರೆಗೆ ಹೋಗಿ" ಎಂದುಬಿಟ್ಟಿದ್ದರು. ಇವರು ಹೆದರಿ ಬಿಟ್ಟರು. ಹೆದರಿಕೆಯಿಂದ ಬಿಟ್ಟದ್ದು ಉಳಿಯಲಿಕ್ಕಿಲ್ಲ ಎಂದು ನಾನು ಹೆದರಿ ಟಾರ್ಚು ಹಿಡಿದೆ.

ಇಷ್ಟು ಹೇಳಿದ ಮೇಲೆ ನನ್ನ ಬಾಯಿಯ ವಿಷಯವನ್ನೂ ಹೇಳಬೇಕು. ನಾನು ಹಲ್ಲುಪುಡಿ ಉಜ್ಜುತ್ತಿದ್ದೆ. ಬಹಳ ಕಾಲ ನನ್ನ ಮನಸ್ಸಿನೊಳಗೂ ನಾನು ಅದನ್ನು ಹಾಗೆಯೇ ಕರೆಯುತ್ತಿದ್ದೆ. ಊರಿನಲ್ಲಿ ನಾವು ಕಂಡದ್ದು ಎಲೆಯಡಿಕೆಯ ಜೊತೆ ಹೊಗೆಸೊಪ್ಪು. ಇದು ಆ ಜಾತಿಯದಲ್ಲ, ಇಲ್ಲಿಯದು. ತಂಬಾಕಿನ ಎಲೆಯನ್ನು ತವಾದ ಮೇಲೆ ಕರ್ರಗಾಗುವ ತನಕ ಹುರಿದು, ಪುಡಿ ಮಾಡಿ, ಬೆರಳಿನಿಂದ ಹಲ್ಲಿಗೆ ಉಜ್ಜಿ ಒಂದಷ್ಟು ಹೊತ್ತು ಬಾಯಲ್ಲಿಟ್ಟುಕೊಳ್ಳುವುದು. ಮಶೇರಿ ಎನ್ನುತ್ತಾರೆ. ಒಂದು ಸಲ ನನಗೆ ದವಡೆಹಲ್ಲು ನೋವೆದ್ದು ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾದಾಗ ಎದುರು ಬಾಗಿಲಿನ ಕುಸುಮ, ಬಿಲ್ಡಿಂಗಿಗೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಒಂದು ಪುಟ್ಟ ಡಬ್ಬಿ ಹಿಡಿದುಕೊಂಡು ಬಂದಳು. "ಅಗ ಸುಮತಿ, ಚಿಮೂಟಭರ್ ಲಾವ್. ಔಷಧಚ ಆಹೇ ತೇ" ಎಂದಳು. ಒಂದು ಚಿಟಿಕೆ ಹಚ್ಚು, ಔಷಧಿಯೇ ಇದು ಎಂದು. ಹಚ್ಚಿದೆ. ತಲೆ ಗಿರ್ರೆಂದಿತು, ನೋವು ಹೋಯಿತು. ಆಮೇಲೆ ಆ ಹಲ್ಲನ್ನು ಕೀಳಿಸಿಯೂ ಆಯಿತು. ಔಷಧಿ ಮಾತ್ರ ನಿಲ್ಲಲಿಲ್ಲ. ಅದನ್ನು ಉಜ್ಜದಿದ್ದರೆ ಬೆಳಗಿನ ಮುಖ್ಯ ಕೆಲಸವೇ ಆಗದು ಎನ್ನುವಲ್ಲಿಗೆ ಬಂತು. ಎಲ್ಲರಿಗೂ ಗಾಡಿ ಹಿಡಿಯುವ ಅವಸರ ಇರುವ, ಒಂದೇ ಸಂಡಾಸು ಇರುವ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ. ಮತ್ತೆ ಊಟದ ನಂತರ ಒಂದು ಚಿಟಿಕೆ. ಮತ್ತೆ ಸಂಜೆ ಅಕ್ಕಿ ಆರಿಸುವಾಗ ಒಂದು. ಅಕ್ಕಿಯಲ್ಲಿ ಕಲ್ಲಿಲ್ಲದ ದಿನವೂ ನಾನು ಆರಿಸುತ್ತಿದ್ದೆ.

ಮಶೇರಿಯ ತೊಂದರೆ ಎಂದರೆ ಹುರಿಯುವಾಗಿನ ವಾಸನೆ. ಇಡೀ ಮಾಳಿಗೆ ಕೆಮ್ಮುತ್ತದೆ. ಹುರಿಯುತ್ತಿದ್ದುದು ಮಾವಶಿ, ನಮ್ಮಿಬ್ಬರಿಗೂ ಸೇರಿಸಿ. ಬಿಲ್ಡಿಂಗಿನವರು ಬೈಯುತ್ತಿದ್ದುದೂ ಮಾವಶಿಯನ್ನೇ. ಸೊಸೈಟಿಯ ಸೆಕ್ರೆಟರಿ ಮೆಟ್ಟಿಲಲ್ಲಿ ನಿಂತು "ಕಾಯ್ ಹೇ ಮಾವಶಿ!" ಏನಿದು ಎಂದು ಕೂಗುವಾಗ ನಾನೂ ಬಾಗಿಲಿಗೆ ಬಂದು ಸೆರಗಿನಿಂದ ಮೂಗು ಮುಚ್ಚಿಕೊಂಡು ಮರ್ಯಾದೆಯಾಗಿ ಕೆಮ್ಮುತ್ತಿದ್ದೆ. ಮಾವಶಿ ನನ್ನತ್ತ ನೋಡಿ ಬೊಚ್ಚುಬಾಯಿಯಲ್ಲಿ ನಗುತ್ತಿದ್ದಳು. ಒಮ್ಮೆಯೂ ನನ್ನ ಹೆಸರು ಹೇಳಲಿಲ್ಲ. ಹಾಗಾಗಿ ನನ್ನ ಲೆಕ್ಕದಲ್ಲಿ ನಾನು ತಂಬಾಕು ಹುರಿದವಳಲ್ಲ, ತಂದವಳಲ್ಲ, ಬರೀ ಹಲ್ಲುಜ್ಜಿದವಳು. ಅದೂ ಈ ಮನುಷ್ಯನ ದೆಸೆಯಿಂದ. ಇವರು ಗುಟ್ಕಾ ತಿನ್ನದೆ ನೆಟ್ಟಗಿದ್ದಿದ್ದರೆ ನನಗೇಕೆ ಇಷ್ಟು ತಲೆಬಿಸಿ, ತಲೆಬಿಸಿ ಇಲ್ಲದಿದ್ದರೆ ಮಶೇರಿ ಏಕೆ? ಈ ಲೆಕ್ಕ ಎಷ್ಟು ಸಲ ಹಾಕಿದರೂ ಸರಿಯಾಗಿ ಬರುತ್ತಿತ್ತು.

ಇವರು ವಾರಕ್ಕೊಮ್ಮೆ ಥಾಣೆಯಲ್ಲಿ ಚಟ ಬಿಡುವವರ ಒಂದು ಕೂಟಕ್ಕೆ ಹೋಗುತ್ತಿದ್ದರು. ಒಂದು ಸಲ ಮನೆಯವರನ್ನೂ ಕರೆತರಬೇಕೆಂದರು, ಹೋದೆ. ಕೂಟ ನಡೆಸುವ ಹೆಂಗಸು ಕೇಳಿದಳು, ಮನೆಯಲ್ಲಿ ಬೇರೆ ಯಾರಾದರೂ ತಂಬಾಕು ಮುಟ್ಟುವವರಿದ್ದಾರೆಯೇ ಎಂದು. ನಾನು ತಟ್ಟನೆ "ಛೇ, ಇಲ್ಲ" ಎಂದೆ. ಇವರು ಮೇಲೆ ತಿರುಗುತ್ತಿದ್ದ ಫ್ಯಾನು ನೋಡುತ್ತ ಕುಳಿತಿದ್ದರು. ಆಮೇಲೆ ಇವರ ಸರದಿ ಬಂತು. ಈ ಚಟಕ್ಕೆ ಕಾರಣ ಯಾರು ಎಂದು ಕೇಳಿದಾಗ ಮ್ಯಾನೇಜರನ ಕಾಟ, ಲೋಕಲ್ ಗಾಡಿಯ ರಶ್ಶು, ನನ್ನ ಬಾಯಿ, ಎಲ್ಲ ಬರುತ್ತದೆಂದು ನಾನು ಉತ್ತರ ಸಿದ್ಧಮಾಡಿಕೊಂಡಿದ್ದೆ. ಇವರು, "ಕೈ ನಂದು, ಬಾಯಿ ನಂದು. ಬೇರೆ ಯಾರೂ ತಿನ್ನಿಸಿದ್ದಲ್ಲ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಸಂತೋಷವಾಗಬೇಕಿತ್ತು. ಆದರೆ ಇವರು ನನ್ನನ್ನು ದೂರದೆ ಹೋದರೆ ನಾನು ಇವರನ್ನು ದೂರುವುದು ಹೇಗೆ ಎಂಬ ಸಂಕಟವಾಯಿತು.

ಅಷ್ಟರಲ್ಲಿ ಮಾವಶಿಯ ಬಾಯಲ್ಲಿ ಹುಣ್ಣಾಯಿತು. ಬಿಸಿ ಚಹಾ ಕುಡಿದದ್ದು ಎಂದಳು. ಕಡಲೆಬೇಳೆ ಚುಚ್ಚಿದ್ದು ಎಂದಳು. ವಾಸಿಯಾಗಲಿಲ್ಲ. ಮಗ ಬಂದು ಆಸ್ಪತ್ರೆಗೆ ಸೇರಿಸಿದ. ಅಲ್ಲಿಂದ ಟಿಟ್ವಾಳಾದ ತನ್ನ ಮನೆಗೆ ಕರೆದುಕೊಂಡು ಹೋದ. ಎದುರು ಬಾಗಿಲಿಗೆ ಬೀಗ ಬಿತ್ತು. ನಾನು ಒಂದೆರಡು ದಿನ ಅತ್ತೆ. ಮೂರನೆಯ ದಿನಕ್ಕೆ ಡಬ್ಬಿ ಖಾಲಿಯಾಗಿತ್ತು. ಅಳುವಿನಲ್ಲಿ ಎಷ್ಟು ಪಾಲು ಮಾವಶಿಗೆ, ಎಷ್ಟು ಡಬ್ಬಿಗೆ ಎಂದು ಈಗಲೂ ವಿಂಗಡಿಸಲಾರೆ. ಆ ಮಧ್ಯಾಹ್ನ ಭಾಜಿ ಮಾರ್ಕೆಟ್ಟಿನ ಹಿಂದಿನ ಅಂಗಡಿಯಿಂದ ಎಲೆ ತಂದು, ನನ್ನ ಅಮ್ಮ ಕೊಟ್ಟಿದ್ದ ನೀರುದೋಸೆಯ ಕಾವಲಿಯ ಮೇಲೆ ಮೊದಲ ಸಲ ನಾನೇ ತಂಬಾಕು ಹುರಿದೆ. ಕಿಟಕಿ ತೆರೆದಿಟ್ಟೆ, ಊದುಬತ್ತಿ ಹಚ್ಚಿದೆ, ಒಂದು ಬದಿಯಲ್ಲಿ ಬಂಗುಡೆ ಕರಿದೆ. ಮೂರೂ ಸೇರಿ ಬಂದ ವಾಸನೆಗೆ ಹೆಸರಿಲ್ಲ.

ಮಗಳು ಅಶ್ವಿನಿ ಕಾಲೇಜಿನಿಂದ ಬಂದವಳೇ ಮೂಗು ಮುರಿದಳು. ಇಲ್ಲೇ ಹುಟ್ಟಿ ಬೆಳೆದವಳು, ನಾವು ಏನು ಹೇಳಿದರೂ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಮಮ್ಮಿ, ಮಾವಶಿ ತೋ ಹೈ ನಹೀ. ಫಿರ್ ಯೇ ಸ್ಮೆಲ್ ಕಹಾಂ ಸೆ?" ಮಾವಶಿಯೇ ಇಲ್ಲ, ಮತ್ತೆ ಈ ವಾಸನೆ ಎಲ್ಲಿಂದ ಎಂದು.

"ಗೋಡೆಯೊಳಗೆ ಇಳಿದಿರ್ಬೇಕು ಮಗಾ. ಎಷ್ಟು ವರ್ಷದ್ದು, ಬೇಗ ಹೋಗ್ತದಾ?" ಎಂದೆ.

 ಅವಳು ಆ ವಾರದ ನೀರುದೋಸೆಯನ್ನು ತಟ್ಟೆಯಲ್ಲೇ ಬಿಟ್ಟೆದ್ದಳು.

ದಿನಾ ಮಧ್ಯಾಹ್ನ ಸ್ವಲ್ಪ ಸ್ವಲ್ಪವೇ ಹುರಿಯುವುದು ನನಗೆ ರೂಢಿಯಾಯಿತು. ಆಗಲೇ ಇವರು ತಡವಾಗಿ ಬರತೊಡಗಿದರು. ಕೋಪರಖೈರಣೆಯಲ್ಲಿ ಗಾಡಿ ಹತ್ತಿ, ಥಾಣೆಯಲ್ಲಿ ಬದಲಿಸಿ, ನಮ್ಮ ಮನೆಗೆ ಹತ್ತಿರದ ಠಾಕುರ್ಲಿಯಲ್ಲಿ ಇಳಿದರೆ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬೇಕು. ಈಗ ಕುಕ್ಕರು ಇಳಿಸಿ, ಸಾರು ಕುದಿದು, ಮತ್ತೆ ಆರಿದರೂ ಇವರ ಸುಳಿವಿಲ್ಲ. ಕೇಳಿದರೆ "ಗಾಡಿ ಲೇಟು." ದಿನಾ ಯಾವ ಗಾಡಿ ಲೇಟಾಗುತ್ತದೆ? ಟಾರ್ಚಿನಲ್ಲಿ ಏನೂ ಕಾಣುತ್ತಿರಲಿಲ್ಲ, ಅದು ನನ್ನ ಅನುಮಾನವನ್ನು ಇನ್ನೂ ಹೆಚ್ಚಿಸಿತು. ಬಾಯಿ ತೊಳೆದುಕೊಂಡು ಬರುವ ಕಳ್ಳ ಎಂದುಕೊಂಡೆ. ಆ ಉಪಾಯ ನನಗೆ ಚೆನ್ನಾಗಿ ಗೊತ್ತಿದ್ದದ್ದೇ.

ಒಂದು ದಿನ ಮಾವಶಿಯನ್ನು ನೋಡಲು ಟಿಟ್ವಾಳಾಕ್ಕೆ ಹೋದೆ. ಮೊದಲು ಗಣಪತಿಯ ದೇವಸ್ಥಾನದಲ್ಲಿ ನಿಂತು, ಇವರ ದವಡೆಯನ್ನು ಕಾಪಾಡಪ್ಪಾ ಎಂದು ಬೇಡಿಕೊಂಡೆ. ನನ್ನ ಬಾಯಿಯ ಸುದ್ದಿ ಎತ್ತಲಿಲ್ಲ, ದೇವರಿಗೂ ಅನುಮಾನ ಬರಬಾರದಲ್ಲ. ಮಾವಶಿ ಕಿಟಕಿಯ ಬದಿಯ ಮಂಚದಲ್ಲಿ ಮಲಗಿದ್ದಳು. ಒಂದು ಕೆನ್ನೆಯನ್ನು ಕೊಯ್ದು ತೆಗೆದಿದ್ದರು. ಮೂಗಿನಲ್ಲಿ ನಳಿಗೆ. ಮಾತಿಲ್ಲ. ನನ್ನನ್ನು ಕಂಡು ಕಣ್ಣು ಹೊಳೆಯಿತು. ಸೊಸೆ ಚಹಾ ಮಾಡಲು ಒಳಗೆ ಹೋದದ್ದೇ ತಡ, ಮಾವಶಿ ಬಲಗೈ ಎತ್ತಿ ತೋರುಬೆರಳನ್ನು ತುಟಿಯ ಮುಂದೆ ಆಚೀಚೆ ಆಡಿಸಿದಳು. ಹಲ್ಲುಜ್ಜುವ ಸನ್ನೆ. ತಂದಿದ್ದೀಯಾ ಎಂದು.

ತಂದಿದ್ದೆ. ನನ್ನ ಪರ್ಸಿನಲ್ಲಿ, ಕುಂಕುಮದ ಭರಣಿಯಲ್ಲಿ. "ನಾಹೀ ಮಾವಶಿ" ಎಂದೆ. ಅವಳು ನನ್ನ ಪರ್ಸನ್ನೂ ನನ್ನ ಮುಖವನ್ನೂ ನೋಡಿದಳು. ನಗಲು ಅವಳಿಗೆ ಬಾಯಿ ಇರಲಿಲ್ಲ. ಕೈಯನ್ನು ಮೆಲ್ಲನೆ ಹೊದಿಕೆಯೊಳಗೆ ಎಳೆದುಕೊಂಡಳು.

ಇದನ್ನೆಲ್ಲ ಕಣ್ಣಾರೆ ಕಂಡವಳು ವಾಪಸ್ ಬರುವಾಗ ಭರಣಿಯನ್ನು ಗಾಡಿಯ ಕಿಟಕಿಯಿಂದ ಎಸೆದಳು ಎಂದು ಬರೆದರೆ ಓದಲು ಚೆನ್ನಾಗಿರುತ್ತಿತ್ತು. ನಾನು ಕಿಟಕಿಯ ಬದಿಗೆ ಕೂತು ಅತ್ತೆ. ಅಳುವಾಗ ಮನಸ್ಸಿಗೆ ಏನಾದರೂ ಆಧಾರ ಬೇಕೆನಿಸಿತು. ಕಲ್ಯಾಣ ದಾಟುವಷ್ಟರಲ್ಲಿ ಬೆರಳು ಹಲ್ಲಿನ ಮೇಲಿತ್ತು.

ಠಾಕುರ್ಲಿಯಲ್ಲಿ ಇಳಿದೆ. ಪ್ಲಾಟ್‌ಫಾರ್ಮಿನ ತುದಿಯ ಬೆಂಚಿನಲ್ಲಿ ಒಬ್ಬರು ಮೊಣಕಾಲ ಮೇಲೆ ಕೈಯಿಟ್ಟು ಹಳಿ ನೋಡುತ್ತ ಕೂತಿದ್ದರು. ನಮ್ಮವರೇ. ಸಿಕ್ಕಿಬಿದ್ದರು ಎಂದುಕೊಂಡು ದಡದಡನೆ ಹೋಗಿ ಎದುರಿಗೆ ನಿಂತೆ. "ಬಾಯಿ ತೆರೆಯಿರಿ" ಎನ್ನಬೇಕು. ಹೇಗೆ ಎನ್ನಲಿ? ನನ್ನ ಬಾಯಿ ತುಂಬ ಕರಿ ನೀರು. "ಊಂ, ಊಂ" ಎಂದು ಬೆರಳು ತೋರಿಸಿದೆ. ಇವರು ಏನೂ ಕೇಳದೆ ಬಾಯಿ ತೆರೆದರು, ಎಂದಿನಂತೆ ಅರ್ಧ. ಒಳಗೆ ಏನೂ ಇರಲಿಲ್ಲ. ಆಮೇಲೆ ಚೀಲದಿಂದ ನೀರಿನ ಬಾಟಲಿ ತೆಗೆದು ನನ್ನ ಕೈಗೆ ಕೊಟ್ಟರು.

"ಅಲ್ಲಿ ಮೋರಿ ಉಂಟು. ಉಗುಳಿ ಬಾ ಮಾರಾಯ್ತಿ."

ಉಗುಳಿ ಬಂದು ಪಕ್ಕದಲ್ಲಿ ಕೂತೆ. ಸೆರಗಿನಿಂದ ಬಾಯಿ ಒರೆಸಿಕೊಂಡು ಕೇಳಿದೆ, "ದಿನಾ ಇಲ್ಲಿ ಎಂತ ಮಾಡ್ತೀರಿ?"

"ಮನೆಗೆ ಬರ್ಲಿಕ್ಕೆ ಆಗುವುದಿಲ್ಲ. ಮೆಟ್ಲು ಹತ್ತುವಾಗಲೇ ಆ ವಾಸನೆ, ಮಾವಶಿ ಹುರಿಯುವಾಗ ಎದುರು ಮನೆಯಲ್ಲಿತ್ತು, ಈಗ ನಮ್ಮ ಮನೆಯೊಳಗೇ. ಬಾಯಲ್ಲಿ ನೀರು ಬರ್ತದೆ, ಕಾಲು ತಿರುಗಿ ಗುಟ್ಕಾದ ಅಂಗಡಿ ಕಡೆ ಹೋಗ್ತದೆ. ವಾಸನೆ ಹೋಗುವವರೆಗೆ ಇಲ್ಲಿ ಕೂತುಕೊಳ್ತೇನೆ."

"ಗೊತ್ತಿತ್ತಾ ನಿಮಗೆ? ಯಾವಾಗಿಂದ?"

"ಹಲ್ಲು ಕೀಳಿಸಿದ್ಯಲ್ಲ, ಆಗಿಂದ."

"ಮತ್ತೆ ಹೇಳ್ಬಾರ್ದಿತ್ತಾ?"

"ಟಾರ್ಚು ನಿನ್ನ ಕೈಯಲ್ಲಿತ್ತಲ್ಲ" ಎಂದರು.

ಅಷ್ಟರಲ್ಲಿ ಫಾಸ್ಟ್ ಗಾಡಿಯೊಂದು ಬಂತು. ಠಾಕುರ್ಲಿಯಲ್ಲಿ ಫಾಸ್ಟು ನಿಲ್ಲುವುದಿಲ್ಲ. ನೆಲ ನಡುಗಿಸಿ, ಸೆರಗು ಸೆಳೆದು, ಕಿವಿ ಕಿವುಡಾಗಿಸಿ ಹೋಗುತ್ತದೆ. ಅದು ಹೋದ ಮೇಲೆ ಇವರು ಅಂದರು, "ಕೂಟದಲ್ಲಿ ಹೇಳ್ತಾರೆ, ಆಸೆ ಬಂದ್ರೆ ಜಗಳ ಮಾಡ್ಬೇಡ, ಸುಮ್ನೆ ನೋಡು ಅಂತ. ನಂಗೆ ಅಲ್ಲಿ ಅರ್ಥ ಆಗ್ಲಿಲ್ಲ. ಇಲ್ಲಿ ಕೂತ ಮೇಲೆ ಆಯ್ತು. ಇದು ನಮ್ಮ ಗಾಡಿ ಅಲ್ಲ. ಗೆರೆಯ ಹಿಂದೆ ನಿಂತ್ರೆ ಸಾಕು, ಹೋಗ್ತದೆ."

"ಹೋದ ಮೇಲೆ?"

"ಇನ್ನೊಂದು ಬರ್ತದೆ."

ಸಮಾಧಾನ ಹೇಳುವುದು ನಮ್ಮವರಿಗೆ ಮೊದಲಿಂದಲೂ ಬರುವುದಿಲ್ಲ.  ಮನೆಯವರೆಗೆ ನಡೆಯುತ್ತ ನಾನು ಒಳಗೊಳಗೆ ನನ್ನ ಹಳೆಯ ಲೆಕ್ಕವನ್ನು ಇನ್ನೊಂದು ಸಲ ಹಾಕಿ ನೋಡಿದೆ. ಇವರಿಂದ ತಲೆಬಿಸಿ, ತಲೆಬಿಸಿಯಿಂದ ಮಶೇರಿ. ಮಶೇರಿಯಿಂದ ವಾಸನೆ, ವಾಸನೆಯಿಂದ ಈ ಮನುಷ್ಯ ದಿನಾ ಸಂಜೆ ಹಸಿದುಕೊಂಡು ಕಲ್ಲುಬೆಂಚಿನ ಮೇಲೆ. ಎಲ್ಲಿಂದ ಹಾಕಿದರೂ ಕೊನೆಗೆ ನನ್ನ ಬೆರಳಿಗೇ ಬಂದು ನಿಲ್ಲುತ್ತಿತ್ತು.

ಮರುದಿನ ಭರಣಿಯನ್ನು ಸಂಡಾಸಿಗೆ ಸುರಿದೆ. ನೋಡುತ್ತ ಕೂರುವ ವಿದ್ಯೆಯನ್ನೂ ಹಿಡಿದೆ. ಅಡುಗೆಮನೆಯ ಸ್ಟೂಲಿನಲ್ಲಿ ಕೂತು, ಬಂತು, ಬಂತು, ಸೆರಗು ಸೆಳೆಯುತ್ತಿದೆ, ಹೋಗಲಿ, ಎಂದು ಆಸೆಯನ್ನೇ ನೋಡುತ್ತಿರುವಾಗ ಕುಕ್ಕರಿನ ಸೀಟಿ ಕೇಳಿಸದೆ ತೊಗರಿಬೇಳೆ ತಳ ಹಿಡಿಯಿತು. ಬೆಳಗಿನ ಮುಖ್ಯ ಕೆಲಸ ಎಷ್ಟೋ ದಿನ ಮುಷ್ಕರ ಹೂಡಿತು. ಕಾರಣವಿಲ್ಲದೆ ಮಗಳಿಗೆ ಬೈದೆ, ಕಾರಣ ಹುಡುಕಿ ಇವರಿಗೆ ಬೈದೆ. ಒಂದು ಮಧ್ಯಾಹ್ನ ಮಾರ್ಕೆಟ್ಟಿನ ಹಿಂದಿನ ಅಂಗಡಿಯವರೆಗೂ ಹೋದೆ. ಎಲೆಯನ್ನು ಕೈಯಲ್ಲಿ ಹಿಡಿದೆ. ಹೊದಿಕೆಯೊಳಗೆ ಹೋದ ಆ ಕೈ ನೆನಪಾಯಿತು. ಎಲೆ ಇಟ್ಟು ಬಂದೆ. ಇನ್ನೊಂದು ಮಧ್ಯಾಹ್ನ ಅದು ನೆನಪಾಗಲಿಲ್ಲ, ಎಲೆ ತಂದೆ, ಹುರಿದೆ. ಆ ಸಂಜೆ ಇವರು ತಡವಾಗಿ ಬಂದರು. ಯಾಕೆಂದು ನಾನು ಕೇಳಲಿಲ್ಲ. ಮರುದಿನ ಮತ್ತೆ ಸುರಿದೆ. ಮಾವಶಿ ಮಳೆಗಾಲ ಬರುವ ಮೊದಲೇ ಹೋದಳು. ಬಿಲ್ಡಿಂಗಿನವರೆಲ್ಲ ಸೇರಿ, ಪಾಪ, ತಂಬಾಕೇ ಅವಳನ್ನು ತಿಂದಿತು ಎಂದರು. ನಾನು ಕೆಮ್ಮಲಿಲ್ಲ.

ಈಗ ಇವರು ಹೊತ್ತಿಗೆ ಸರಿಯಾಗಿ ಬರುತ್ತಾರೆ. ಕಾವಲಿಯನ್ನು ಹುಣಿಸೆಹಣ್ಣು ಹಾಕಿ ಎಷ್ಟು ತಿಕ್ಕಿದರೂ ನೀರುದೋಸೆಯ ಅಂಚಿನಲ್ಲಿ ಸ್ವಲ್ಪ ವಾಸನೆ ಉಳಿದೇ ಇದೆ, ಆದರೂ ಅಶ್ವಿನಿ ತಿನ್ನುತ್ತಾಳೆ. ಬಿಟ್ಟಿದ್ದೇನೆ ಎಂದು ಹೇಳುವ ಧೈರ್ಯ ನನಗಿಲ್ಲ. ಇವತ್ತು ಬೆಳಿಗ್ಗೆಯಿಂದ ಮುಟ್ಟಿಲ್ಲ ಎಂದಷ್ಟೇ ಹೇಳಬಲ್ಲೆ. ಸಂಜೆ ಬಾಗಿಲಲ್ಲಿ ಈಗ ಎರಡು ಬಾಯಿಗಳ ತಪಾಸಣೆ. ಮೊದಲು ಅವರದ್ದು, ಆಮೇಲೆ ಟಾರ್ಚು ಅವರ ಕೈಗೆ ಹೋಗುತ್ತದೆ. ನಾನು ನೋಡುವಾಗ ಹತ್ತು ಮಾತು ಆಡುತ್ತ ನೋಡುತ್ತಿದ್ದೆ. ಅವರು ಏನೂ ಆಡದೆ ಮೆಲ್ಲಗೆ ನೋಡುತ್ತಾರೆ.

ನಿನ್ನೆ ಸಂಜೆಯೂ ನೋಡಿದರು. ಎಡಗೆನ್ನೆ ಆಯಿತು, ಬಲಗೆನ್ನೆಗೆ ಬಂದರು. ಹಲ್ಲು ಕೀಳಿಸಿದ ಜಾಗದ ಹತ್ತಿರ ಬೆಳಕು ನಿಂತಿತು. ಕೀಳಿಸಿದ ಆ ದಿನದಿಂದ ನಾನು ಚಿಟಿಕೆ ಇಡುತ್ತಿದ್ದುದು ಅಲ್ಲಿಯೇ, ನಿನ್ನೆ ಮಾತ್ರ ಇಟ್ಟಿರಲಿಲ್ಲ. ಬೆಳಕು ಅಲ್ಲಿಂದ ಕದಲಲಿಲ್ಲ. ಅವರ ಹುಬ್ಬು ಗಂಟಾಯಿತು, ಇನ್ನೂ ಹತ್ತಿರ ಬಗ್ಗಿದರು. ಏನು ಕಂಡಿತೆಂದು ಕೇಳಬೇಕು. ಇಷ್ಟು ವರ್ಷ ಈ ಮನೆಯಲ್ಲಿ ಕೇಳುವ ಕೆಲಸವೆಲ್ಲ ನನ್ನದೇ. ಆದರೆ ಬಾಯಿ ತೆರೆದುಕೊಂಡು ನಿಂತವಳಿಗೆ ಮಾತಾಡಲು ಬರುವುದಿಲ್ಲ.