ಅಜ್ಜಿಯ ಮದುವೆಗೆ ಮುಂಚಿನ ಹೆಸರು

ವಂಶದ ಹೆಮ್ಮೆ ಎಂಬುದು ವಿಮಾನದವರು ತೂಕಕ್ಕೆ ಹಾಕದ ಸಾಮಾನು. ಹಾಗಾಗಿ ಧಾರವಾಡದಿಂದ ಲಂಡನ್ನಿನ ಹೌನ್ಸ್ಲೋಗೆ ಬರುವಾಗ ಅದನ್ನು ಧಾರಾಳವಾಗಿ ತುಂಬಿಕೊಂಡು ಬಂದಿದ್ದೆ. ತೊಂಬತ್ತರ ದಶಕದ ಕೊನೆಗೆ ಅದನ್ನು ಬಿಚ್ಚಿಸಿ ನೋಡಿದವರು ಪಕ್ಕದ ಮನೆಯ ವಿನಿಫ್ರೆಡ್.

ವಿನಿಫ್ರೆಡ್ ಜಮೈಕಾದವರು, ನಿವೃತ್ತ ನರ್ಸ್. ಮೊಮ್ಮಗಳಿಗೆಂದು ವಂಶವೃಕ್ಷ ಬರೆಯುತ್ತಿದ್ದರು. ಟ್ಯೂಬ್ ರೈಲು ಹಿಡಿದು ದಾಖಲೆ ಕಚೇರಿಗೆ ಹೋಗಿ, ಜನಗಣತಿ, ಮದುವೆಯ ದಾಖಲೆ ಎಲ್ಲ ಜಾಲಾಡಿ, ಕೊನೆಗೆ ಗುಲಾಮರ ಪಟ್ಟಿಯಲ್ಲಿ ಮುತ್ತಜ್ಜಿಯ ಅಜ್ಜಿಯನ್ನು ಹುಡುಕಿದ್ದರು. ‘ಫೀಬಿ’ ಎಂದಷ್ಟೇ ಇತ್ತಂತೆ. "ಅದು ತೋಟದ ಧಣಿ ಇಟ್ಟ ಹೆಸರು. ಅವಳಮ್ಮ ಏನೆಂದು ಕರೆದಳೋ, ಅದು ಎಲ್ಲೂ ಇಲ್ಲ" ಎಂದು ನಮ್ಮ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತ ಹೇಳಿದರು.

ಇಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರುವುದು ನನ್ನ ಜಾಯಮಾನವಲ್ಲ. ನಮಗೆ ಕಚೇರಿಯ ಗೊಡವೆಯೇ ಇಲ್ಲ, ಶ್ರಾದ್ಧಕ್ಕೆ ಹೇಳುವ ಹೆಸರುಗಳೆಲ್ಲ ಬಾಯಿಪಾಠ, ಹೆಂಗಸರದೂ ಸೇರಿ, ಎಂದೆ. ಹೇಳಿಯೂ ತೋರಿಸಿದೆ: ಅಜ್ಜ ನಾರಾಯಣ, ಅಜ್ಜಿ ಲಕ್ಷ್ಮೀಬಾಯಿ, ಮುತ್ತಜ್ಜ ರಾಮಚಂದ್ರ, ಮುತ್ತಜ್ಜಿ ಸೀತಾಬಾಯಿ. ಇವೆಲ್ಲ ದೇವರ ಜೋಡಿಗಳು ಎಂದು ನನ್ನ ಹೆಂಡತಿ ಪಾರ್ವತಿ ವಿವರಿಸಿದಳು.

ವಿನಿಫ್ರೆಡ್ ಕನ್ನಡಕ ತೆಗೆದರು. "ಹುಡುಗಿ ಹುಟ್ಟಿದಾಗಲೇ ಗಂಡನ ಹೆಸರು ಗೊತ್ತಿರುತ್ತದೆಯೇ?"

"ಇಲ್ಲ, ಮದುವೆಯಲ್ಲಿ ಅಕ್ಕಿಯ ಮೇಲೆ ಉಂಗುರದಿಂದ ಹೊಸ ಹೆಸರು ಬರೆಯುತ್ತೇವೆ" ಎಂದೆ.

"ಅದಕ್ಕೆ ಮುಂಚೆ?"

ನನ್ನನ್ನು ಸಾಕಿ ಬೆಳೆಸಿದವಳೇ ಆ ಲಕ್ಷ್ಮೀಬಾಯಿ ಅಜ್ಜಿ. ಕೈತುತ್ತು ಹಾಕಿದವಳ ಹುಟ್ಟುಹೆಸರೇ ನನಗೆ ಗೊತ್ತಿಲ್ಲ. ಅಲ್ಲಿಂದಲೇ ಧಾರವಾಡಕ್ಕೆ ಫೋನು ಮಾಡಿ ಸೋದರತ್ತೆಯನ್ನು ಕೇಳಿದೆ.

"ಏನ ಕೇಳ್ತೀಯೋ ಶಂಕರಾ! ಅವ್ವಾ ಅಂದ್ರ ಓಡಿ ಬರ್ತಿದ್ಲು. ಬ್ಯಾರೆ ಹೆಸರು ಯಾರಿಗೆ ಬೇಕಾಗಿತ್ತು?"

ಅತ್ತೆಗಿಂತ ಹಿರಿಯರು ಯಾರೂ ಉಳಿದಿಲ್ಲ. ಯಾವ ಕಚೇರಿಗೆ ಹೋಗಿ ಹುಡುಕಬೇಕೋ ತಿಳಿಯದೆ ಫೋನಿಟ್ಟೆ. ವಿನಿಫ್ರೆಡ್ ನನಗೆ ಬಿಸ್ಕತ್ತಿನ ತಟ್ಟೆ ಸರಿಸಿ, ಪಾರ್ವತಿಯ ಕಡೆ ತಿರುಗಿದರು. "ನಿನ್ನದೇನಿತ್ತು?"

"ವತ್ಸಲಾ" ಎಂದಳು. ಕೇಳಲಿ ಎಂದೇ ಕಾದಿದ್ದವಳ ಹಾಗೆ.

ಅಂದಿನಿಂದ ಬೇಲಿಯಾಚೆಯಿಂದ ವಿನಿಫ್ರೆಡ್ "ವತ್ಸಲಾ" ಎಂದರೆ ಸಾಕು, ಚಪಾತಿಯನ್ನು ಹಂಚಿನ ಮೇಲೇ ಬಿಟ್ಟು ಓಡುತ್ತಾಳೆ. ನಾನು "ಪಾರ್ವತಿ" ಎಂದರೆ ಟಿವಿಯ ಸದ್ದು ಜೋರಾಗುತ್ತದೆ. ಒಂದು ಭಾನುವಾರ ಚಹಾ ಬೇಕಾಗಿತ್ತು. ಧೈರ್ಯ ಮಾಡಿ ನಾನೂ "ವತ್ಸಲಾ" ಎಂದು ಕೂಗಿದೆ.

ಬಂದಳು. ಬಾಗಿಲಲ್ಲೇ ನಿಂತಳು.

"ಅದು ನಮ್ಮವ್ವ ಇಟ್ಟ ಹೆಸರು ರೀ. ನೀವು ಇಟ್ಟ ಹೆಸರಿಲೇ ಕರೀರಿ. ಬರಬೇಕನಿಸಿದ್ರ ಬರ್ತೀನಿ."