ಒಣಗಾಯಿ ಕಟ್ಟಿಕೊಂಡು ನೀರಿಗಿಳಿದ ಗಂಡ

“ನೀರಿನ ವಿಷಯ ಮಾತ್ರ ನಂಗೆ ಬಿಡಿ ಅತ್ತೆ! ನಮ್ಮೂರು ಗುಬ್ಬೀಲಿ ತೋಟದ ಬಾವೀಲಿ ಮೀನಿನ ಥರ ಈಜಿದೋನು ನಾನು!”

ಸೋಮಶೇಖರ್ ಎದೆಯುಬ್ಬಿಸಿ ಹೀಗೆ ಸಾರುವಾಗ, ಕುಣಿಗಲ್‌ನಿಂದ ಬಂದಿದ್ದ ಅವನ ಅತ್ತೆ ಪುಟ್ಟತಾಯಮ್ಮ ಅಳಿಯನ ಉಪ್ಪಾರಹಳ್ಳಿಯ ಮನೆಯಲ್ಲಿ ಮಗಳ ಬಟ್ಟೆಗಳನ್ನು ಬ್ಯಾಗಿಗೆ ತುಂಬುತ್ತಿದ್ದರು. ಮಗಳು ತ್ರಿವೇಣಿ ಏಳು ತಿಂಗಳ ಬಸುರಿ. ಸೊಂಟನೋವಿಗೆ ನೀರಿನಲ್ಲಿ ನಿಂತು ವ್ಯಾಯಾಮ ಮಾಡಿ ಎಂದು ಡಾಕ್ಟರು ಹೇಳಿದ್ದೇ ತಡ, ಅತ್ತೆ ಹೌಹಾರಿದ್ದರು.

“ಬಸುರೀನ ನೀರಿಗಿಳಿಸ್ತಾರಾ? ಇವತ್ತೇ ಕರ್ಕೊಂಡ್ಹೋಗ್ತೀನಿ!”

ಈಗ ತವರಿಗೆ ಹೋದರೆ ಬಾಣಂತನ ಮುಗಿಸಿಕೊಂಡೇ ವಾಪಸ್ಸು. ಅಷ್ಟು ದಿನ ಅವಳಿಲ್ಲದ ಮನೆ! ನೆನೆದೇ ಸೋಮಶೇಖರ್ ಬ್ಯಾಗಿಗೆ ಅಡ್ಡ ನಿಂತ.

“ನೀವೇ ಬಂದು ನೋಡಿ ಅತ್ತೆ. ಒಂಚೂರು ಎಡವಟ್ಟಾದ್ರೂ ಅಲ್ಲಿಂದಾನೇ ಕರ್ಕೊಂಡ್ಹೋಗಿ.”

ಬ್ಯಾಗ್ ಸಮೇತ ಮೂವರೂ ಬಟವಾಡಿ ಬಡಾವಣೆಯ ಈಜುಕೊಳಕ್ಕೆ ಬಂದರು. ಸೋಮಶೇಖರ್ ತಂದಿದ್ದ ಗೋಣಿಚೀಲದಿಂದ ಹೊರಬಿದ್ದದ್ದು ಹಗ್ಗದಲ್ಲಿ ಜೋಡಿಸಿ ಕಟ್ಟಿದ, ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿ! ಈಜು ಕಲಿಯುವ ಮಕ್ಕಳು ಮುಳುಗದಿರಲೆಂದು ಅವನ ಊರಿನಲ್ಲಿ ಸೊಂಟದ ಹಿಂದೆ ಕಟ್ಟುತ್ತಿದ್ದ ಮಹಾಕವಚ.

“ಬಾ ಕಣೇ, ಕಟ್ತೀನಿ.”

“ಇರೋ ಭಾರ ಸಾಲ್ದಾ? ನೀವೇ ಕಟ್ಕೊಳ್ರೀ!”

ಕಟ್ಟಿಕೊಂಡ. ಕಟ್ಟಿಕೊಳ್ಳದೆ ವಿಧಿಯೂ ಇರಲಿಲ್ಲ. ಗುಬ್ಬಿಯ ಮೀನು ಒಂದು ದಿನವೂ ಕಾಯಿ ಬಿಚ್ಚಿ ಈಜಿರಲಿಲ್ಲ ಎಂಬುದು ಅವನಿಗೂ ಆ ಬಾವಿಗೂ ಮಾತ್ರ ಗೊತ್ತು!

ಕಂಬಿ ಹಿಡಿದು ಒಂದೊಂದೇ ಕಾಲು ಎತ್ತಿ ಇಳಿಸುತ್ತಿದ್ದ ಗರ್ಭಿಣಿಯರ ನಡುವೆ ಸೋಮಶೇಖರ್ ಪಟ್ಟಾಭಿಷೇಕಕ್ಕೆ ಹೊರಟವನ ಹಾಗೆ ಇಳಿದ. ಕೊನೆಯ ಮೆಟ್ಟಿಲಲ್ಲಿ ಕಾಲು ಜಾರಿತು. ಒಣಗಾಯಿಗಳು ತಮ್ಮ ಕೆಲಸ ಚಾಚೂತಪ್ಪದೆ ಮಾಡಿದವು. ಸೊಂಟ ಮೇಲೆ, ತಲೆ ಕೆಳಗೆ!

“ಅಯ್ಯೋ! ಗುಳುಗುಳು... ತ್ರಿವೇಣೀ!”

“ಕಾಲೂರ್ರೀ! ಎದೆಮಟ್ಟ ನೀರು ಕಣ್ರೀ!”

ಊರುವುದಕ್ಕೆ ಕಾಯಿಗಳು ಬಿಟ್ಟರೆ ತಾನೇ! ಗರ್ಭಿಣಿಯರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. “ನಗ್ಬೇಡಿ, ನಿಧಾನಕ್ಕೆ ಉಸಿರು ಬಿಡಿ” ಎನ್ನುತ್ತಲೇ ವ್ಯಾಯಾಮದ ಟೀಚರ್ ಮಂಗಳಗೌರಿ ತಾವೇ ನಗು ತಡೆಯಲಾಗದೆ ಆ ಕಡೆ ತಿರುಗಿಕೊಂಡರು. ತ್ರಿವೇಣಿ ತಾನೇ ನೀರಿಗಿಳಿದು, ನಿಧಾನವಾಗಿ ನಡೆದು ಬಂದು, ಹಗ್ಗ ಹಿಡಿದು, ಗಂಡನನ್ನು ಮೆಟ್ಟಿಲವರೆಗೆ ಎಳೆದು ತಂದಳು.

ನಾಚಿಕೆಗೆ ಅವನಿಗೆ ಮತ್ತೆ ಮುಳುಗಿಬಿಡೋಣ ಅನ್ನಿಸಿತು. ಅದಕ್ಕೂ ಕಾಯಿಗಳು ಬಿಡಬೇಕಲ್ಲ! ಎದುರಿಗೆ ಅತ್ತೆ, ಅವರ ಕಾಲಬಳಿ ಬ್ಯಾಗು. ಕೊಟ್ಟ ಮಾತು ನೆನಪಾಗಿ ಅವನ ಕಣ್ಣು ತುಂಬಿತು.

“ಕರ್ಕೊಂಡ್ಹೋಗಿ ಅತ್ತೆ...” ಎಂದ, ತಲೆ ಎತ್ತದೆ.

ಪುಟ್ಟತಾಯಮ್ಮ ಬ್ಯಾಗನ್ನು ಅವನ ಕಡೆಗೇ ತಳ್ಳಿ, ಮಗಳ ಮುಖ ನೋಡಿದರು.

“ನೀನು ಇಲ್ಲೇ ಇರು ಕಣವ್ವ. ಅಳಿಯಂದ್ರನ್ನ ಒಬ್ರನ್ನೇ ಬಿಟ್ಟು ಬಂದ್ರೆ ಬಕೆಟ್ ನೀರಲ್ಲೂ ಮುಳುಗೋಗ್ಬುಡ್ತಾರೆ!”